ಬೀಡಿ ಬಿಡಿಸೋಣ

ಪುತ್ತೂರು, ಸುಳ್ಯ, ಕಡಬದ ಕಡೆ ಬೀಡಿ ಕಟ್ಟುವ ಅಕ್ಕಂದಿರು ತುಂಬ ಮಂದಿ. ಕಟ್ಟುವುದು ಹೊಟ್ಟೆಪಾಡು. ಎಳೆಯುವುದು ಚಟ.

ಬೀಡಿ ಬದಲು ಬ್ಯಾಟರಿಯ ಇ-ಸಿಗರೇಟು ಆದೀತೇ? ಬೇಡ ಅಕ್ಕಾ. ಅದರಲ್ಲೂ ನಿಕೋಟಿನ್ ಉಂಟು. ಚಟ ಹಿಡಿಸುವುದು ಅದೇ. ಇ-ಸಿಗರೇಟು ಮಾರುವುದು 2019ರಿಂದ ದೇಶದಲ್ಲೇ ನಿಷೇಧ. ಕದ್ದು ತಂದರೆ ದುಡ್ಡೂ ದಂಡ.

ದಿನಕ್ಕೆ 20 ರೂಪಾಯಿಯ ಬೀಡಿ ಎಂದರೆ ತಿಂಗಳಿಗೆ 600 ರೂಪಾಯಿ. ಮನೆಯವರಿಗೆ ಲೆಕ್ಕ ಬರೆದು ತೋರಿಸಿ. ಬೈಯಬೇಡಿ. ಬಿಟ್ಟ ಹೊಸತರಲ್ಲಿ ಸಿಟ್ಟು ಬರುತ್ತದೆ, ನಿದ್ದೆ ಬರುವುದಿಲ್ಲ. ಆಸೆ ಬಂದಾಗ ನೀರು ಕುಡಿದು ಹತ್ತು ನಿಮಿಷ ತಡೆಯಲಿ. ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿದರೆ ಬಿಟ್ಟ ಹಾಗಾಗಲಿಲ್ಲ.

1800-11-2356ಕ್ಕೆ ಅವರೇ ಫೋನು ಮಾಡಲಿ. ದುಡ್ಡು ಹೋಗುವುದಿಲ್ಲ. ಕನ್ನಡದಲ್ಲೇ ಮಾತಾಡಬಹುದು. ನೀವು ಪಕ್ಕದಲ್ಲಿ ಕೂತುಕೊಳ್ಳಿ.