ಶಾಲಾ ನಾಯಕತ್ವದಲ್ಲಿ ಆತ್ಮಾವಲೋಕನ: ಊಹೆ, ಸಂಗತಿ, ನಿರ್ಧಾರ

ಪೀಠಿಕೆ

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಬಂದ ಎರಡು ವರ್ಷಗಳ ಬಿ.ಇಡಿ. ಪಠ್ಯಕ್ರಮದಲ್ಲಿ, ತನ್ನನ್ನು ತಾನು ಅರಿಯುವುದಕ್ಕೆಂದೇ ಒಂದು ಕೋರ್ಸ್ ಇದೆ. ಇಂಟರ್ನ್‌ಶಿಪ್ ಅವಧಿಯಲ್ಲಿ ಪ್ರಶಿಕ್ಷಣಾರ್ಥಿಗಳು ದಿನಚರಿಯನ್ನೂ ಬರೆಯುತ್ತಾರೆ. ಅಂಥ ದಿನಚರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತುಗಳು ಮೂರು: ಪಾಠ ಚೆನ್ನಾಗಿ ಆಯಿತು, ಮಕ್ಕಳು ಆಸಕ್ತಿಯಿಂದ ಆಲಿಸಿದರು, ಸಮಯ ಸಾಲಲಿಲ್ಲ. ಇವು ಸುಳ್ಳಲ್ಲ. ಆದರೆ ಇವನ್ನು ಓದಿದವರಿಗೆ ನಾಳೆ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ಇಂದು ತರಗತಿಯನ್ನು ಮುನ್ನಡೆಸುವವರೇ ಮುಂದೆ ಮುಖ್ಯ ಶಿಕ್ಷಕರಾಗಿ ಶಾಲೆಯನ್ನು ಮುನ್ನಡೆಸಬೇಕಾಗುತ್ತದೆ. ಆದ್ದರಿಂದ ಆತ್ಮಾವಲೋಕನ ಎಂದರೇನು ಎಂಬುದನ್ನು ಈಗಲೇ ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. ಅದು ತನ್ನನ್ನು ತಾನೇ ಹಳಿದುಕೊಳ್ಳುವುದಲ್ಲ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದೂ ಅಲ್ಲ. ತನ್ನ ಒಂದು ಊಹೆಯನ್ನು ನಡೆದ ಸಂಗತಿಯ ಎದುರು ಇಟ್ಟು ನೋಡಿ, ಅದರಂತೆ ಒಂದು ನಿರ್ಧಾರವನ್ನು ಬದಲಿಸುವುದೇ ಆತ್ಮಾವಲೋಕನ.

1919ರ ಒಂದು ಉದಾಹರಣೆ

ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕವಿದೆ. ಅಲ್ಲಿ ನಮಸ್ಕರಿಸಿ ಬರುವ ನಾವು, ಅವರು ನಾಯಕರಾಗಿ ತಮ್ಮನ್ನು ಹೇಗೆ ಪರೀಕ್ಷಿಸಿಕೊಂಡರು ಎಂಬುದನ್ನೂ ಓದಬೇಕು.

ರೌಲತ್ ಕಾಯ್ದೆಯನ್ನು ವಿರೋಧಿಸಿ 1919ರ ಏಪ್ರಿಲ್ 6ರಂದು ದೇಶದಾದ್ಯಂತ ಹರತಾಳ ನಡೆಯಿತು. ಮುಂದಿನ ದಿನಗಳಲ್ಲಿ ಅಹಮದಾಬಾದ್ ಮೊದಲಾದ ಕಡೆ ಜನರಿಂದಲೂ ಹಿಂಸೆ ನಡೆಯಿತು. ಏಪ್ರಿಲ್ 18ರಂದು ಗಾಂಧೀಜಿ ಸತ್ಯಾಗ್ರಹವನ್ನು ನಿಲ್ಲಿಸಿದರು. ತಮ್ಮ ಲೆಕ್ಕಾಚಾರ ಹಿಮಾಲಯದಷ್ಟು ದೊಡ್ಡದಾಗಿ ತಪ್ಪಿತ್ತು ಎಂದು ನಡಿಯಾದ್‌ನಲ್ಲಿ ಬಹಿರಂಗವಾಗಿಯೇ ಹೇಳಿದರು. ಅವರ ಆತ್ಮಕಥೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ.

ಈ ಪ್ರಸಂಗದಲ್ಲಿ ಮೂರು ಹಂತಗಳನ್ನು ಗುರುತಿಸಬಹುದು.

ಸಂಗತಿ: ಶಾಂತಿಯುತ ಚಳವಳಿಯ ನಡುವೆ ಹಿಂಸೆ ನಡೆಯಿತು.

ಊಹೆ: ಜನರು ಸವಿನಯ ಕಾನೂನು ಭಂಗಕ್ಕೆ ಸಿದ್ಧರಾಗಿದ್ದಾರೆ ಎಂದು ಅವರು ನಂಬಿದ್ದರು. ಕಾನೂನನ್ನು ಮನಸಾರೆ ಪಾಲಿಸಿ ರೂಢಿಯಿದ್ದವರು ಮಾತ್ರ ಅನ್ಯಾಯದ ಕಾನೂನನ್ನು ವಿನಯದಿಂದ ಮುರಿಯಬಲ್ಲರು ಎಂಬುದು ಆಮೇಲೆ ಅವರಿಗೆ ಸ್ಪಷ್ಟವಾಯಿತು.

ನಿರ್ಧಾರ: ಮುಂಬಯಿಯಲ್ಲಿ ಸ್ವಯಂಸೇವಕರನ್ನು ಕೂಡಿಸಿ, ಕರಪತ್ರಗಳ ಮೂಲಕ ಸತ್ಯಾಗ್ರಹದ ಅರ್ಥವನ್ನು ಜನರಿಗೆ ತಿಳಿಸುವ ಕೆಲಸಕ್ಕೆ ಕೈಹಾಕಿದರು. ಹೊಸದಾಗಿ ಬಂದು ಸೇರುವವರ ಸಂಖ್ಯೆ ಕಡಿಮೆಯಾಗುತ್ತ ಹೋಯಿತು ಎಂಬುದನ್ನೂ ಅವರು ಮುಚ್ಚಿಡಲಿಲ್ಲ.

‘ಜನ ಕೆಟ್ಟರು’ ಎಂದು ಹೇಳಿ ಸುಮ್ಮನಾಗುವುದು ಅವರಿಗೆ ಸುಲಭವಿತ್ತು. ಆದರೆ ಜನರನ್ನು ಅಣಿಗೊಳಿಸುವುದು ಯಾರ ಕೆಲಸ ಎಂದು ಅವರು ಕೇಳಿಕೊಂಡರು. ನಾಯಕನ ಬೆಳವಣಿಗೆ ಆ ಪ್ರಶ್ನೆಯಿಂದ ಶುರುವಾಗುತ್ತದೆ.

ಪೀನ ಮಸೂರದ ಪಾಠ

ತನ್ನ ತಪ್ಪನ್ನು ಪೀನ ಮಸೂರದಲ್ಲಿ ನೋಡಬೇಕು, ಇತರರ ತಪ್ಪನ್ನು ಹಾಗಲ್ಲ ಎಂಬ ಅರ್ಥದ ಮಾತೂ ಅದೇ ಅಧ್ಯಾಯದಲ್ಲಿದೆ. ವಿಜ್ಞಾನ ಬೋಧಿಸುವವರು ಈ ಹೋಲಿಕೆಯನ್ನು ಇನ್ನಷ್ಟು ಮುಂದುವರಿಸಬಹುದು. ವಸ್ತುವು ಮಸೂರದ ಸಂಗಮ ದೂರದ ಒಳಗಿದ್ದಾಗ ಮಾತ್ರ ನೇರವಾದ, ದೊಡ್ಡದಾದ ಪ್ರತಿಬಿಂಬ ಕಾಣುತ್ತದೆ. ಸಂಗಮ ದೂರವನ್ನು ದಾಟಿದರೆ ಪ್ರತಿಬಿಂಬ ತಲೆಕೆಳಗಾಗುತ್ತದೆ. ಅವಲೋಕನಕ್ಕೂ ಇಂಥದೊಂದು ಹತ್ತಿರ ಬೇಕು. ಸೋಮವಾರದ ಪಾಠದ ಬಗ್ಗೆ ಸೋಮವಾರವೇ ಬರೆಯಬೇಕು. ಇಂಟರ್ನ್‌ಶಿಪ್ ಮುಗಿದ ಮೇಲೆ ಒಟ್ಟಿಗೆ ಕುಳಿತು ಬರೆದ ದಿನಚರಿಯಲ್ಲಿ ನಡೆದದ್ದಕ್ಕಿಂತ ನಡೆಯಬೇಕಾಗಿದ್ದದ್ದೇ ಹೆಚ್ಚು ಕಾಣಿಸುತ್ತದೆ.

ನಮ್ಮ ತಾಲ್ಲೂಕುಗಳ ಪ್ರಶ್ನೆ: ಖಾಲಿ ಬೆಂಚು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮಳೆಯನ್ನೇ ನಂಬಿದ ಬೇಸಾಯ ಹೆಚ್ಚು. ಸುಗ್ಗಿ ಮುಗಿದ ಮೇಲೆ ಹಳ್ಳಿಗಳಿಂದ, ತಾಂಡಾಗಳಿಂದ ಕುಟುಂಬಗಳು ಗುಳೆ ಹೋಗುತ್ತವೆ. ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರ ಜೊತೆ ಮಕ್ಕಳೂ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತುಗಳು ಸಾಲಾಗಿ ಬೀಳುತ್ತವೆ.

ಆಗ ಶಾಲೆಯ ನಾಯಕರ ಬಾಯಲ್ಲಿ ಸುಲಭವಾಗಿ ಬರುವ ಮಾತು: ‘ಪಾಲಕರಿಗೆ ಕಾಳಜಿ ಇಲ್ಲ.’ ಇದು ಊಹೆ. ಇದನ್ನು ಸಂಗತಿಯ ಎದುರು ಇಡಬೇಕು. ಮಳೆ, ಸಾಲ, ಕೂಲಿ ದರ ಮುಖ್ಯ ಶಿಕ್ಷಕರ ಕೈಯಲ್ಲಿಲ್ಲ. ಕೈಯಲ್ಲಿರುವುದು ಬೇರೆ ಇದೆ:

1. ಯಾವ ಮನೆಯವರು ಯಾವ ತಿಂಗಳು ಹೊರಡುತ್ತಾರೆ ಎಂಬುದು ಹೊರಡುವ ಮೊದಲೇ ಶಾಲೆಗೆ ಗೊತ್ತಿತ್ತೇ?

2. ಮಗುವನ್ನು ಊರಿನಲ್ಲೇ ಅಜ್ಜ ಅಜ್ಜಿಯ ಬಳಿ ಅಥವಾ ವಸತಿ ನಿಲಯದಲ್ಲಿ ಉಳಿಸುವ ಬಗ್ಗೆ ಎಸ್‌ಡಿಎಂಸಿ ಸಭೆಯಲ್ಲಿ ಚರ್ಚೆಯಾಯಿತೇ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಭಾಗ ಪಾಲಕರೇ ಇರಬೇಕು. ಅವರಿಗೆ ಮಾತಾಡಲು ಅವಕಾಶ ಸಿಕ್ಕಿತೇ?

3. ಬೇರೆ ಊರಿನ ಸರಕಾರಿ ಶಾಲೆಗೆ ಸೇರಲು ಟಿ.ಸಿ. ಕೇಳಿದಾಗ ಕೂಡಲೇ ಕೊಟ್ಟೆವೇ? 2009ರ ಕಾಯ್ದೆಯ 5ನೇ ಕಲಮಿನಂತೆ ಇದು ಮುಖ್ಯ ಶಿಕ್ಷಕರ ಕರ್ತವ್ಯ. ಟಿ.ಸಿ. ತಡವಾಯಿತೆಂದು ಆ ಊರಿನ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ಪಾಲಕರಿಗೆ ಹೇಳಿದೆವೇ?

4. ಮಗು ಮರಳಿ ಬಂದಾಗ ‘ಇಷ್ಟು ದಿನ ಎಲ್ಲಿದ್ದೆ?’ ಎಂದು ಗದರಿದೆವೇ, ತಪ್ಪಿಹೋದ ಪಾಠಕ್ಕೆ ಏರ್ಪಾಡು ಮಾಡಿದೆವೇ?

ಈ ನಾಲ್ಕರಲ್ಲಿ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಅಲ್ಲಿ ಒಂದು ನಿರ್ಧಾರ ಬದಲಾಗಬೇಕು. ಬದಲಾಗದಿದ್ದರೆ ಅದರ ಬೆಲೆಯನ್ನು ತೆರುವುದು ಮಗು.

ನಾಯಕನಿಗೆ ಹೇಳುವವರು ಯಾರು?

ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ ಜೋಹರಿ ಕಿಟಕಿಯಲ್ಲಿ ನಾಲ್ಕು ಭಾಗಗಳಿವೆ. ಅವುಗಳಲ್ಲಿ ಒಂದು, ಇತರರಿಗೆ ಕಾಣುವ ಆದರೆ ನಮಗೆ ಕಾಣದ ಭಾಗ. ಹುದ್ದೆ ದೊಡ್ಡದಾದಂತೆ ಈ ಭಾಗವೂ ದೊಡ್ಡದಾಗಬಹುದು, ಏಕೆಂದರೆ ಎದುರು ನಿಂತು ಹೇಳುವವರು ಕಡಿಮೆಯಾಗುತ್ತಾರೆ. ಆದ್ದರಿಂದ ನಾಯಕನು ತಾನಾಗಿ ಹೋಗಿ ಕೇಳಬೇಕು. ಯಾವ ಮಗು ಮೂರು ದಿನದಿಂದ ಊಟಕ್ಕೆ ಬಂದಿಲ್ಲ ಎಂಬುದು ಬಿಸಿಯೂಟದ ಅಡುಗೆಯವರಿಗೆ ಗೊತ್ತಿರುತ್ತದೆ. ತರಗತಿಯಲ್ಲಿ ಏನು ಅರ್ಥವಾಗಲಿಲ್ಲ ಎಂಬುದು ಹಿಂದಿನ ಬೆಂಚಿನವರಿಗೆ ಗೊತ್ತಿರುತ್ತದೆ. ಕೇಳಿದ ಮೇಲೆ ಸಮಜಾಯಿಷಿ ಕೊಡದೆ ಆಲಿಸುವುದೂ ಕಲಿಯಬೇಕಾದ ಕೌಶಲವೇ.

ದಿನಚರಿಗೆ ಒಂದು ಮಾದರಿ

ಪ್ರತಿ ಪಾಠದ ನಂತರ ನಾಲ್ಕು ಸಾಲು ಸಾಕು. ಹತ್ತನೇ ತರಗತಿಯ ಮಸೂರದ ಪಾಠಕ್ಕೆ ಒಂದು ಕಾಲ್ಪನಿಕ ಮಾದರಿ ಹೀಗಿದೆ:

ಊಹೆ: ಬೋರ್ಡಿನ ಮೇಲೆ ಕಿರಣ ಚಿತ್ರ ಬಿಡಿಸಿದರೆ ಎಲ್ಲರಿಗೂ ಅರ್ಥವಾಗುತ್ತದೆ.

ಸಂಗತಿ: ಎಲ್ಲರೂ ಚಿತ್ರವನ್ನು ನಕಲು ಮಾಡಿದರು, ವಸ್ತುವಿನ ಸ್ಥಾನ ಬದಲಿಸಿ ಕೊಟ್ಟಾಗ ಕೆಲವರೇ ಬಿಡಿಸಿದರು.

ಯಾರನ್ನು ಕೇಳಿದೆ: ಹಿಂದಿನ ಸಾಲಿನ ಇಬ್ಬರನ್ನು ಮತ್ತು ಪಾಠ ವೀಕ್ಷಿಸಿದ ಸಹಪಾಠಿಯನ್ನು.

ನಿರ್ಧಾರ: ನಾಳೆ ಚಿತ್ರಕ್ಕೆ ಮೊದಲು ಗುಂಪಿಗೊಂದು ಮಸೂರ ಕೊಟ್ಟು, ಕಿಟಕಿಯ ಪ್ರತಿಬಿಂಬವನ್ನು ಕಾಗದದ ಮೇಲೆ ಹಿಡಿಸುವುದು.

ಮಾರನೆಯ ದಿನದ ‘ಸಂಗತಿ’ಯನ್ನು ಬರೆಯುವಾಗ ಹಿಂದಿನ ದಿನದ ‘ನಿರ್ಧಾರ’ವನ್ನು ಮೊದಲು ಓದಬೇಕು. ಅದು ಜಾರಿಯಾಯಿತೇ, ಫಲ ಕೊಟ್ಟಿತೇ ಎಂಬುದನ್ನು ನೋಡಬೇಕು.

ಉಪಸಂಹಾರ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಇಬ್ಬಿಬ್ಬರು ಜೊತೆಯಾಗಿ, ಶನಿವಾರ ದಿನಚರಿಗಳನ್ನು ಬದಲಾಯಿಸಿಕೊಂಡು ಓದಬಹುದು. ಗುರುತಿಸಬೇಕಾದದ್ದು ಒಂದೇ: ಆ ವಾರ ಯಾವ ನಿರ್ಧಾರ ಬದಲಾಯಿತು? ಒಂದೂ ಸಿಗದಿದ್ದರೆ ಮುಂದಿನ ವಾರ ಒಂದನ್ನು ಆರಿಸಿಕೊಳ್ಳಬೇಕು. ಈ ರೂಢಿ ಈಗ ಬಂದರೆ, ಮುಂದೆ ಮುಖ್ಯ ಶಿಕ್ಷಕರ ಕುರ್ಚಿಯಲ್ಲಿ ಕುಳಿತು ಹಾಜರಿ ಪುಸ್ತಕ ತೆರೆದಾಗ ಖಾಲಿ ಬೆಂಚಿನ ಕಾರಣವನ್ನು ಹುಡುಕಲು ಅದು ನೆರವಾಗುತ್ತದೆ.