ಮೂಲಪ್ರತಿಯೂ ಕೈಪ್ರತಿಯೂ: ಲಿನಕ್ಸ್ ಗಣಕದಲ್ಲಿ ಪೈಥಾನ್ ಪ್ಯಾಕೇಜುಗಳ ಸ್ಥಾಪನೆ

ಗ್ರಂಥಸಂಪಾದಕನು ಭಂಡಾರದ ಓಲೆಪ್ರತಿಯ ಮೇಲೆ ತನ್ನ ತಿದ್ದುಪಡಿಗಳನ್ನು ಬರೆಯುವುದಿಲ್ಲ. ಪ್ರತ್ಯೇಕವಾಗಿ ಕೈಪ್ರತಿಯೊಂದನ್ನು ಸಿದ್ಧಪಡಿಸಿಕೊಂಡು ಅದರಲ್ಲಿ ಪಾಠಾಂತರಗಳನ್ನು ಗುರುತಿಸುತ್ತಾನೆ. ಕೈಪ್ರತಿ ಕೆಟ್ಟರೆ ಮತ್ತೊಂದನ್ನು ಬರೆಯಬಹುದು. ಮೂಲವೇ ಕೆಟ್ಟರೆ ಗತಿಯಿಲ್ಲ. ಗಣಕಯಂತ್ರದಲ್ಲಿಯೂ ಇದೇ ವಿವೇಕವು ಅವಶ್ಯಕ.

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಂತಹ ಸಂಸ್ಥೆಗಳು ಮುದ್ರಿಸಿದ ಹಳೆಯ ಪುಸ್ತಕಗಳ ಪುಟಗಳನ್ನು ಗಣಕದಿಂದ ಓದಿಸಬೇಕೆಂದು ವಿದ್ಯಾರ್ಥಿಯೊಬ್ಬನು ಬಯಸಿದನೆನ್ನೋಣ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ತಂತ್ರಾಂಶವು ಕನ್ನಡವನ್ನೂ ಓದಬಲ್ಲದು. ಅದನ್ನು ಪೈಥಾನ್ ಭಾಷೆಯ ಮೂಲಕ ನಡೆಸಲು ಪೈಟೆಸರಾಕ್ಟ್ ಎಂಬ ಪ್ಯಾಕೇಜು ಬೇಕು. ಅದನ್ನು ನೇರವಾಗಿ ವ್ಯವಸ್ಥೆಯ ಪೈಥಾನಿಗೇ ಸೇರಿಸುವುದು ಅಪಾಯಕರ. ಲಿನಕ್ಸಿನ ಅನೇಕ ಆಂತರಿಕ ಉಪಕರಣಗಳು ಅದೇ ಪೈಥಾನನ್ನು ಆಶ್ರಯಿಸಿವೆ. ಒಂದು ಪ್ಯಾಕೇಜಿನ ಆವೃತ್ತಿ ಬದಲಾದರೂ ಅವು ಕೆಡಬಹುದು. ಆದುದರಿಂದಲೇ 2023ರಲ್ಲಿ ಹೊರಬಂದ ಡೆಬಿಯನ್ 12 ಇಂತಹ ನೇರ ಸ್ಥಾಪನೆಯನ್ನು ತಡೆಯುತ್ತದೆ. ಆ ತಡೆಯನ್ನು ಮೀರುವ ಮಾರ್ಗವಿದ್ದರೂ ಅದನ್ನು ಹಿಡಿಯದಿರುವುದೇ ಲೇಸು.

ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಪ್ರತ್ಯೇಕ ಆವರಣವೇ ಇದಕ್ಕೆ ಪರಿಹಾರ. ಅದನ್ನು ರಚಿಸುವ ವೆನ್ವ್ ಸಾಧನವು 2012ರ ಪೈಥಾನ್ 3.3ರಿಂದ ಆ ಭಾಷೆಯ ಅಂಗವಾಗಿದೆ. ಡೆಬಿಯನ್ನಿನಲ್ಲಿ ಮೊದಲು ಅಪ್ಟ್ ಮೂಲಕ ಟೆಸರಾಕ್ಟ್, ಅದರ ಕನ್ನಡ ದತ್ತಾಂಶ ಹಾಗೂ 'ಪೈಥಾನ್3-ವೆನ್ವ್' ಇವುಗಳನ್ನು ಸ್ಥಾಪಿಸಬೇಕು. ಬಳಿಕ ಕೆಲಸದ ಕಡತಕೋಶದಲ್ಲಿ ನಿಂತು, 'ಪೈಥಾನ್3 -ಎಂ ವೆನ್ವ್ ಕೈಪ್ರತಿ' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಆವರಣವು ಸಿದ್ಧವಾಗುತ್ತದೆ. 'ಸೋರ್ಸ್ ಕೈಪ್ರತಿ/ಬಿನ್/ಆಕ್ಟಿವೇಟ್' ಎಂದರೆ ಅದರೊಳಗೆ ಪ್ರವೇಶ. 'ಪಿಪ್ ಇನ್‌ಸ್ಟಾಲ್ ಪೈಟೆಸರಾಕ್ಟ್' ಎಂದರೆ ಪ್ಯಾಕೇಜಿನ ಸ್ಥಾಪನೆ. 'ಡೀಆಕ್ಟಿವೇಟ್' ಎಂದರೆ ನಿರ್ಗಮನ. ಆವರಣದೊಳಗೆ 'ಸುಡೋ' ಎಂಬ ಅಧಿಕಾರದ ಆದೇಶವು ಎಂದಿಗೂ ಬೇಡ. 'ಪಿಪ್ ಫ್ರೀಜ್' ತೋರುವ ಹೆಸರು-ಆವೃತ್ತಿಗಳ ಪಟ್ಟಿಯನ್ನು ಬರೆದಿಟ್ಟುಕೊಂಡರೆ, ಕೆಟ್ಟ ಆವರಣವನ್ನು ಅಳಿಸಿ ಹೊಸದನ್ನು ಕಟ್ಟುವುದು ಸುಲಭ.

ಆದರೆ ಆವರಣವು ಕೋಟೆಯಲ್ಲ. ಅದರೊಳಗಿನ ಪ್ಯಾಕೇಜಿಗೂ ಬಳಕೆದಾರನ ಕಡತಗಳನ್ನು ಮುಟ್ಟುವ ಶಕ್ತಿಯಿರುತ್ತದೆ. ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ಭಂಡಾರದಲ್ಲಿ, ಪ್ರಸಿದ್ಧವಾದ 'ಯುಆರ್‌ಎಲ್‌ಲಿಬ್3'ರ ವೇಷದಲ್ಲಿ 'ಯುಆರ್‌ಎಲ್‌ಲಿಬ್' ಎಂಬ ನಕಲಿಯು ಸೇರಿಕೊಂಡಿದ್ದುದು 2017ರಲ್ಲಿ ಪತ್ತೆಯಾಯಿತು. ಕವಿಯ ಹೆಸರಿನಲ್ಲಿ ನುಸುಳುವ ಪ್ರಕ್ಷಿಪ್ತ ಪದ್ಯದಂತೆಯೇ ಇದು. ಹೆಸರಿನ ಒಂದೊಂದು ಅಕ್ಷರವನ್ನೂ, ಕರ್ತೃವನ್ನೂ ಪರಿಶೀಲಿಸಿದ ಮೇಲೆಯೇ ಸ್ಥಾಪಿಸತಕ್ಕದ್ದು. ಬೆರಕೆಯನ್ನು ಆವರಣವು ತಡೆಯುತ್ತದೆ. ವಂಚನೆಯನ್ನು ತಡೆಯಬೇಕಾದುದು ಬಳಸುವವನ ಎಚ್ಚರವೇ.