ಹಳೆಯ ಕಾರನ್ನು ಮಾರುವವನು ಹೇಳತಕ್ಕ ಮಾತುಗಳು



ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿರುವ ಅಮ್ಮಿನಬಾವಿಯೂ ಅದರ ಸುತ್ತಲಿನ ಹಳ್ಳಿಗಳೂ ಎರಿಭೂಮಿಯ ಸೀಮೆಗೆ ಸೇರಿದವುಗಳು. ಇಲ್ಲಿಯ ಒಕ್ಕಲುಮಗನಿಗೆ ಎತ್ತು ಕೊಳ್ಳುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಎರಡು ಹಲ್ಲೋ, ಆರು ಹಲ್ಲೋ, ಬಾಯಿಗೂಡಿದ್ದೋ ಎಂದು ವಯಸ್ಸನ್ನು ತಿಳಿಯುತ್ತಾನೆ, ನಡಿಸಿ ನೋಡುತ್ತಾನೆ, ಹಾಯುವದೋ, ನೊಗ ಹೊತ್ತರೆ ಮಲಗುವದೋ ಎಂದು ವಿಚಾರಿಸುತ್ತಾನೆ. ಆದರೆ ಈಗ ಹಳ್ಳಿಗಳಲ್ಲಿಯೂ ಕಾರುಗಳು ಬಂದಿವೆ. ಹೊಸದನ್ನು ಕೊಳ್ಳಲಾರದವರು ಹಳೆಯದನ್ನು ಕೊಳ್ಳುತ್ತಾರೆ. ಕಾರಿಗೆ ಹಲ್ಲುಗಳಿಲ್ಲ. ಬಾನೆಟ್ಟು ತೆರೆದು ನೋಡಿದರೂ ಕೊಳ್ಳುವವನಿಗೆ ಕಾಣುವದು ಸ್ವಲ್ಪ, ಕಾಣದಿರುವದು ಬಹಳ. ಆ ಕಾಣದ ಸಂಗತಿಗಳೆಲ್ಲಾ ಮಾರುವವನ ಮನಸ್ಸಿನಲ್ಲಿ ಇರುತ್ತವೆ. ಆದಕಾರಣ ಬಹಳ ದೂರ ಓಡಿದ ಮನೆಯ ಕಾರನ್ನು ಮಾರುವವನು ಏನೇನು ಹೇಳತಕ್ಕದ್ದು ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

೧. ಕುದುರೆಯ ದೃಷ್ಟಾಂತ

ನಮ್ಮ ದೇಶದಲ್ಲಿ ೧೮೭೨ನೇ ಇಸವಿಯ ಕರಾರು ಕಾಯಿದೆಯು ಇಂದಿಗೂ ಜಾರಿಯಲ್ಲಿ ಇದೆ. ಅದರ ೧೭ನೆಯ ಕಲಮಿನಲ್ಲಿ ವಂಚನೆ ಎಂದರೇನು ಎಂಬದು ವಿವರಿಸಲ್ಪಟ್ಟಿದೆ. ಆ ಕಾಲದಲ್ಲಿ ಇಲ್ಲಿ ಕಾರುಗಳಿರಲಿಲ್ಲವಾದದರಿಂದ ಕುದುರೆಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಒಬ್ಬನು ತನ್ನ ಕುದುರೆಯನ್ನು ಲಿಲಾವಿನಲ್ಲಿ ಮಾರುತ್ತಾನೆ. ಅದಕ್ಕೆ ದೋಷವುಂಟೆಂದು ಅವನಿಗೆ ಗೊತ್ತು. ಆದರೆ ಕೊಳ್ಳುವವನಿಗೆ ಏನೂ ಹೇಳುವದಿಲ್ಲ. ಇದು ವಂಚನೆಯಲ್ಲ ಎಂದು ಕಾಯಿದೆ ಹೇಳುತ್ತದೆ. ಆದರೆ ಕೊಳ್ಳುವವಳು ಈಗಷ್ಟೇ ಪ್ರಾಯಕ್ಕೆ ಬಂದ ಅವನ ಸ್ವಂತ ಮಗಳಾದರೆ? ಆಗ ಆ ಸಂಬಂಧದ ನಿಮಿತ್ತವೇ ದೋಷವನ್ನು ತಿಳಿಸುವದು ಅವನ ಕರ್ತವ್ಯವಾಗುತ್ತದೆ. ಇನ್ನೊಂದು ದೃಷ್ಟಾಂತವೂ ಉಂಟು. ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆಯು ಸರಿಯಾಗಿದೆ ಎಂದು ನಾನು ತಿಳಿಯುವೆನು ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತಿಗೆ ಸಮಾನ.

ಈ ದೃಷ್ಟಾಂತಗಳನ್ನು ಚೆನ್ನಾಗಿ ಆಲೋಚಿಸಿರಿ. ಪರರ ಮುಂದೆ ಬಾಯಿ ಮುಚ್ಚಿಕೊಳ್ಳುವದಕ್ಕೆ ಕಾಯಿದೆಯು ಅವಕಾಶ ಕೊಟ್ಟಿದೆ. ಆದರೂ ತಂದೆಯಾದವನು ಮಗಳಿಗೆ ಏನು ಮಾಡತಕ್ಕದ್ದೆಂಬದನ್ನು ಅದು ಬಲ್ಲದು. ನಮ್ಮ ಹಳ್ಳಿಗಳಲ್ಲಿ ಪರರೆಂಬವರು ಯಾರು? ವಯಸ್ಸಾದವನನ್ನು ಕಾಕಾ ಎನ್ನುತ್ತೇವೆ, ನೆರೆಯವಳನ್ನು ಅಕ್ಕ ಎನ್ನುತ್ತೇವೆ, ಗುರುತಿಲ್ಲದವನನ್ನೂ ಅಣ್ಣಾ ಎಂದು ಕರೆಯುತ್ತೇವೆ. ಹಾಗೆ ಕರೆದ ಬಾಯಿಯೇ ಮಾರಾಟದ ಹೊತ್ತಿನಲ್ಲಿ ಮುಚ್ಚಿಕೊಂಡರೆ ಆ ಕರೆಯುವಿಕೆಯಿಂದ ಪ್ರಯೋಜನವೇನು? ಆದದರಿಂದ ಕಾರು ಮಾರುವವನು ತನ್ನನ್ನು ಒಂದೇ ಪ್ರಶ್ನೆ ಕೇಳಿಕೊಳ್ಳತಕ್ಕದ್ದು: ‘ಇದನ್ನು ಕೊಳ್ಳುವವಳು ನನ್ನ ಮಗಳಾಗಿದ್ದರೆ ನಾನು ಅವಳಿಗೆ ಏನು ಹೇಳುತ್ತಿದ್ದೆನು?’ ಈ ಪಾಠದ ಸಾರವೆಲ್ಲಾ ಇದರಲ್ಲಿಯೇ ಅಡಗಿದೆ.

ಇದಲ್ಲದೆ ಸುಮ್ಮನಿರುವದು ಬೇರೆ, ಮುಚ್ಚಿಡುವದು ಬೇರೆ. ತಿಳಿದ ದೋಷವನ್ನು ಬೇಕೆಂದು ಮರೆಮಾಡುವದನ್ನು ಅದೇ ಕಲಮು ವಂಚನೆಯೆಂದು ಎಣಿಸುತ್ತದೆ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೩೧೮ನೆಯ ಕಲಮೂ ಅಪ್ರಾಮಾಣಿಕವಾಗಿ ಸಂಗತಿಗಳನ್ನು ಮರೆಸುವದನ್ನು ಮೋಸವೆಂದೇ ಹೇಳುತ್ತದೆ. ತುಕ್ಕಿನ ಮೇಲೆ ಬಣ್ಣ ಬಳಿಯುವವನು, ಎಂಜಿನ್ನಿನ ಸದ್ದು ಅಡಗಲೆಂದು ದಪ್ಪ ಎಣ್ಣೆ ಹೊಯ್ಯುವವನು, ಮೀಟರಿನ ಅಂಕಿ ತಿರುಗಿಸುವವನು, ಇವರೆಲ್ಲರೂ ಮೌನದ ಗಡಿಯನ್ನು ದಾಟಿದವರೇ.

೨. ಮೀಟರಿನ ಅಂಕಿ

ಎತ್ತಿನ ಹಲ್ಲಿನ ಹಾಗೆ ಕಾರಿನ ವಯಸ್ಸನ್ನು ತಿಳಿಸುವದು ಕಿಲೋಮೀಟರಿನ ಮೀಟರು. ಹಳೆಯ ಕೆಲವು ಕಾರುಗಳ ಮೀಟರಿನಲ್ಲಿ ಐದೇ ಅಂಕಿಗಳಿದ್ದವು. ೯೯,೯೯೯ ಆದ ಮೇಲೆ ಅದು ತಿರುಗಿ ಸೊನ್ನೆಗೆ ಬರುತ್ತಿತ್ತು. ಈಗಿನ ಮೀಟರುಗಳು ಹಾಗೆ ತಿರುಗುವದಿಲ್ಲ. ಆದರೆ ಅವುಗಳ ಅಂಕಿಯನ್ನೂ ಯಂತ್ರದಿಂದ ತಿದ್ದುವವರು ಇದ್ದಾರೆ. ಅಮೇರಿಕಾ ದೇಶದಲ್ಲಿ ಈ ಮೋಸವು ಹೆಚ್ಚಿದ್ದರಿಂದ, ಮಾರುವವನು ಮೀಟರಿನ ಅಂಕಿಯನ್ನು ಬರವಣಿಗೆಯಲ್ಲಿ ತಿಳಿಸತಕ್ಕದ್ದೆಂದು ೧೯೭೨ರಲ್ಲಿಯೇ ಕಾಯಿದೆ ಮಾಡಿದರು. ಕಾಯಿದೆಯ ಬಲಾತ್ಕಾರವಿಲ್ಲದೆ ನಾವೂ ಹಾಗೆಯೇ ಬರೆದು ಕೊಡಬಹುದಲ್ಲವೇ?

ಒಂದು ಕಾರು ೧,೮೦,೦೦೦ ಕಿಲೋಮೀಟರು ಓಡಿದೆ ಎಂದು ತಿಳಿಯೋಣ. ಭೂಮಿಯ ಸುತ್ತಳತೆ ಸುಮಾರು ೪೦,೦೦೦ ಕಿಲೋಮೀಟರು. ಅಂದರೆ ಆ ಕಾರು ಭೂಮಿಯನ್ನು ನಾಲ್ಕೂವರೆ ಸಲ ಸುತ್ತಿದಷ್ಟಾಯಿತು. ಇದನ್ನು ಕೇಳಿದವನು ಹೆದರಬಹುದು. ಆದರೆ ಅಂಕಿಯೊಂದೇ ಪೂರ್ಣ ಸತ್ಯವಲ್ಲ. ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿ, ಕಾಲಕಾಲಕ್ಕೆ ಎಣ್ಣೆ ಬದಲಿಸಲ್ಪಟ್ಟ ಎಂಜಿನ್ನು, ಸಂತೆಗೂ ಮನೆಗೂ ಸಣ್ಣ ಓಟ ಓಡಿ ಎಂದೂ ಸರಿಯಾಗಿ ಬಿಸಿಯಾಗದೆ, ಎಣ್ಣೆಯ ಆರೈಕೆಯೂ ಇಲ್ಲದೆ ೮೦,೦೦೦ ಓಡಿದ ಎಂಜಿನ್ನಿಗಿಂತ ಗಟ್ಟಿಯಾಗಿರಬಹುದು. ಆದದರಿಂದ ಪ್ರಾಮಾಣಿಕನು ಅಂಕಿಗೆ ಹೆದರಬೇಕಾಗಿಲ್ಲ. ಎಷ್ಟು ಓಡಿತು ಎಂಬದರ ಜೊತೆಗೆ ಹೇಗೆ ಓಡಿತು ಎಂಬದನ್ನೂ ತಿಳಿಸಿ, ಸರ್ವಿಸಿನ ಪಾವತಿಗಳನ್ನು ಮುಂದಿಡಲಿ. ನಡುವೆ ಮೀಟರು ಕೆಟ್ಟಿದ್ದರೆ ಅದನ್ನೂ ಹೇಳಲಿ.

೩. ಕೇಳದಿದ್ದರೂ ಹೇಳತಕ್ಕ ಸಂಗತಿಗಳು

‘ಗಾಡಿ ಭಾಳ ಛಲೋ ಅದರೀ’ ಎಂಬ ಮಾತು ಏನನ್ನೂ ಹೇಳದ ಮಾತು. ಸಂಗತಿಗಳನ್ನು ಒಂದೊಂದಾಗಿ ಹೇಳತಕ್ಕದ್ದು.

ಮೊದಲನೆಯದು, ಎಂಜಿನ್ನು. ಅದು ಎಣ್ಣೆ ಕುಡಿಯುತ್ತದೋ? ಹೊಗೆ ನೀಲಿಯಾಗಿ ಬರುತ್ತಿದ್ದರೆ ಎಣ್ಣೆ ಉರಿಯುತ್ತಿದೆ ಎಂದರ್ಥ. ಎಂದಾದರೂ ಅತಿಯಾಗಿ ಕಾಯ್ದು ನಿಂತದ್ದುಂಟೋ? ರೇಡಿಯೇಟರಿಗೆ ಪದೇ ಪದೇ ನೀರು ಹೊಯ್ಯಬೇಕೋ? ಕೆಲವು ಎಂಜಿನ್ನುಗಳಲ್ಲಿ ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿಯುಂಟು. ಅದನ್ನು ನೇಮಿತ ಕಾಲಕ್ಕೆ ಬದಲಿಸದೆ ಅದು ಹರಿದರೆ, ಅನೇಕ ಎಂಜಿನ್ನುಗಳಲ್ಲಿ ಒಳಗಿನ ಭಾಗಗಳು ಒಂದಕ್ಕೊಂದು ಬಡಿದು ಮುರಿಯುತ್ತವೆ. ಅದನ್ನು ಎಂದು ಬದಲಿಸಿದಿರೆಂದು ಹೇಳಿರಿ. ಬದಲಿಸದಿದ್ದರೆ ಅದನ್ನೇ ಹೇಳಿರಿ.

ಎರಡನೆಯದು, ಟಾಯರುಗಳು. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳುಂಟು. ಮೊದಲಿನ ಎರಡು ವಾರವನ್ನೂ ಕಡೆಯ ಎರಡು ವರುಷವನ್ನೂ ತೋರಿಸುತ್ತವೆ. ೨೩೧೯ ಎಂದಿದ್ದರೆ ೨೦೧೯ನೇ ಇಸವಿಯ ೨೩ನೆಯ ವಾರದಲ್ಲಿ ಮಾಡಿದ್ದು. ಗೆರೆಗಳು ಚೆನ್ನಾಗಿ ಕಂಡರೂ ಹಳೆಯ ರಬ್ಬರು ಒಳಗೆ ಸೀಳಿರಬಹುದು. ಕೊಳ್ಳುವವನಿಗೆ ಈ ಅಂಕಿಯನ್ನು ಓದುವದಕ್ಕೆ ನೀವೇ ಕಲಿಸಿರಿ.

ಮೂರನೆಯದು, ಪೆಟ್ಟು. ಕಾರು ಎಲ್ಲಿಯಾದರೂ ಗುದ್ದಿಕೊಂಡಿದ್ದರೆ, ಹಳ್ಳದ ನೀರಿನಲ್ಲಿ ಮುಳುಗಿದ್ದರೆ, ಅಡಿಯಲ್ಲಿ ತುಕ್ಕು ಹಿಡಿದಿದ್ದರೆ ಆ ಸ್ಥಳಗಳನ್ನು ಬೆರಳಿಟ್ಟು ತೋರಿಸತಕ್ಕದ್ದು.

ನಾಲ್ಕನೆಯದು, ಬ್ರೇಕು ಮತ್ತು ಸ್ಟಿಯರಿಂಗು. ಇವು ಚೌಕಾಶಿಯ ವಿಷಯಗಳಲ್ಲ. ಎಂಜಿನ್ನು ಕೆಟ್ಟರೆ ದುಡ್ಡು ಹೋದೀತು. ಬ್ರೇಕು ಹಿಡಿಯದಿದ್ದರೆ ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಪ್ರಾಣ ಹೋದೀತು. ಇವುಗಳಲ್ಲಿ ದೋಷವಿದ್ದರೆ ಸರಿಮಾಡಿಸಿದ ಮೇಲೆಯೇ ಬೀಗದ ಕೈ ಕೊಡತಕ್ಕದ್ದು.

ಕೊಳ್ಳುವವನು ತನಗೆ ಬೇಕಾದ ಮಿಸ್ತ್ರಿಯನ್ನು ಕರತಂದು ನೋಡಿಸಲಿ. ಅವನು ಬರುವದಕ್ಕೆ ಮುಂಚೆ ಎಂಜಿನ್ನು ಚಾಲೂ ಮಾಡಿ ಬಿಸಿಮಾಡಿ ಇಡಬೇಡಿರಿ. ಯಾಕಂದರೆ ಚಾಲೂ ಆಗುವಾಗಿನ ಎಷ್ಟೋ ದೋಷಗಳು ತಣ್ಣಗಿರುವ ಎಂಜಿನ್ನಿನಲ್ಲಿ ಮಾತ್ರ ಕಾಣುತ್ತವೆ. ಕಡೆಗೆ ಒಂದು ಕಾಗದದಲ್ಲಿ ಸರಿಯಿರುವ ಭಾಗಗಳನ್ನು ಒಂದು ಕಡೆಯಲ್ಲಿಯೂ ಸರಿಯಿಲ್ಲದವುಗಳನ್ನು ಮತ್ತೊಂದು ಕಡೆಯಲ್ಲಿಯೂ ಬರೆದು, ಇಬ್ಬರೂ ರುಜು ಹಾಕಿ, ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಿರಿ. ಇದರಿಂದ ಮುಂದೆ ತಕರಾರು ಹುಟ್ಟುವದಿಲ್ಲ.

೪. ಒಂದು ಆಕ್ಷೇಪಣೆ

‘ಇಷ್ಟೆಲ್ಲಾ ಹೇಳಿದರೆ ಬೆಲೆ ಇಳಿಯುತ್ತದಲ್ಲಾ’ ಎಂದು ಕೆಲವರು ಹೇಳುವರು. ನಿಜವೇ, ಇಳಿಯುತ್ತದೆ. ಸತ್ಯವನ್ನು ಹೇಳಿದವನಿಗೆ ಹೆಚ್ಚು ಹಣ ಬರುತ್ತದೆಂದು ಬೋಧಿಸುವದು ಇನ್ನೊಂದು ಸುಳ್ಳಾದೀತು. ಆದರೆ ಕ್ಲಚ್ಚು ಸವೆದದ್ದನ್ನು ಹೇಳಿದ್ದರಿಂದ ಹತ್ತು ಸಾವಿರ ರೂಪಾಯಿ ಕಡಿಮೆಯಾಯಿತೆಂದು ತಿಳಿಯಿರಿ. ಆ ಹತ್ತು ಸಾವಿರವು ಮೊದಲಾದರೂ ನಿಮ್ಮದಾಗಿತ್ತೋ? ಕ್ಲಚ್ಚು ಸವೆದಾಗಲೇ ಅದು ನಿಮ್ಮ ಕೈ ಬಿಟ್ಟು ಹೋಗಿತ್ತು. ಸುಮ್ಮನಿದ್ದು ಮಾರಿದರೆ ಅದನ್ನು ಕೊಳ್ಳುವವನ ಚೀಲದಿಂದ ತೆಗೆದುಕೊಂಡ ಹಾಗಾಯಿತು. ಅವನಾದರೋ ಹತ್ತಿ ಮಾರಿದ ಹಣವನ್ನೋ ಹೆಂಡತಿಯ ಬಂಗಾರವನ್ನು ಒತ್ತೆಯಿಟ್ಟ ಹಣವನ್ನೋ ತಂದಿರಬಹುದು.

ಮೋಸದ ಫಲವು ಒಬ್ಬನಲ್ಲಿಯೇ ನಿಲ್ಲುವದಿಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅಮೇರಿಕಾದ ಅರ್ಥಶಾಸ್ತ್ರಜ್ಞರು ೧೯೭೦ರಲ್ಲಿ ಹಳೆಯ ಕಾರುಗಳ ಪೇಟೆಯ ವಿಷಯವಾಗಿ ಒಂದು ಪ್ರಬಂಧ ಬರೆದರು. ೨೦೦೧ರಲ್ಲಿ ಅವರೂ ಬೇರೆ ಇಬ್ಬರೂ ಇಂಥ ವಿಚಾರಗಳ ಶೋಧನೆಗಾಗಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಹೊಂದಿದರು. ಅವರ ತರ್ಕವು ಹೀಗಿದೆ: ಒಳ್ಳೇ ಕಾರು ಯಾವದು, ಕೆಟ್ಟದ್ದು ಯಾವದು ಎಂಬದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದದರಿಂದ ಕೊಳ್ಳುವವನು ಎಲ್ಲಾ ಕಾರುಗಳಿಗೂ ಅಂಜುತ್ತಾ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೇ ಕಾರಿನವನು ಮಾರುವದಿಲ್ಲ. ಹೀಗೆ ಒಳ್ಳೆಯವು ಪೇಟೆಯಿಂದ ಹೊರಟು ಕೆಟ್ಟವೇ ಉಳಿಯುತ್ತವೆ. ನೋಡಿರಿ, ಒಬ್ಬನು ಮಾಡಿದ ಮೋಸದ ದಂಡವನ್ನು ಊರಿನ ಪ್ರಾಮಾಣಿಕರೆಲ್ಲರೂ ತೆರಬೇಕಾಗುತ್ತದೆ.

೫. ಕಾಗದಪತ್ರಗಳು

ಹಣ ಎಣಿಸಿಕೊಂಡ ಮಾತ್ರಕ್ಕೆ ಮಾರಾಟ ತೀರಲಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಕಲಮಿನ ಪ್ರಕಾರ, ಅದೇ ರಾಜ್ಯದಲ್ಲಿ ನೋಂದಾದ ಕಾರನ್ನು ಮಾರಿದವನು ೧೪ ದಿವಸಗಳೊಳಗೆ ಅದನ್ನು ಆರ್.ಟಿ.ಓ. ಕಚೇರಿಗೆ ತಿಳಿಸತಕ್ಕದ್ದು, ಕೊಂಡವನು ೩೦ ದಿವಸಗಳೊಳಗೆ ತಿಳಿಸಿ ಹೆಸರು ಬದಲಿಸಿಕೊಳ್ಳತಕ್ಕದ್ದು. ಇದಕ್ಕೆ ೨೯ ಮತ್ತು ೩೦ನೆಯ ನಂಬರಿನ ಫಾರಮುಗಳುಂಟು. ಖಾಲಿ ಫಾರಮುಗಳಿಗೆ ರುಜು ಹಾಕಿ ದಲಾಲನ ಕೈಗೆ ಕೊಟ್ಟು ಮರೆತುಬಿಡುವವರು ಅನೇಕರು. ಅದು ಅಪಾಯ. ಕೈಯಿಂದ ಕೈಗೆ ಮಾರಾಟವಾಗಿ ಹೋದ ಒಂದು ಕಾರು ಅಪಘಾತ ಮಾಡಿದಾಗ, ದಾಖಲೆಯಲ್ಲಿ ಯಾರ ಹೆಸರು ಉಳಿದಿತ್ತೋ ಅವನೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು ೨೦೧೮ರಲ್ಲಿ ತೀರ್ಪು ಕೊಟ್ಟಿತು.

ಬ್ಯಾಂಕಿನ ಸಾಲವಿದ್ದರೆ ತೀರಿಸಿ, ೩೫ನೆಯ ಫಾರಮಿನಿಂದ ಆ ಬರಹವನ್ನು ಆರ್.ಸಿ.ಯಿಂದ ತೆಗೆಸಿರಿ. ಪೊಲೀಸರ ದಂಡವಿದ್ದರೆ ಕಟ್ಟಿರಿ. ವಿಮೆಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಕೊಂಡವನಿಗೆ ೧೪ ದಿವಸಗಳ ಅವಧಿಯುಂಟೆಂದು ತಿಳಿಸಿರಿ. ಸ್ವಂತ ಕಾರಿನ ನೋಂದಣಿಯು ೧೫ ವರುಷ ನಡೆಯುತ್ತದೆ. ಆಮೇಲೆ ಪರೀಕ್ಷೆ ಮಾಡಿಸಿ ಹೊಸದು ಮಾಡಿಸಬೇಕು. ಇನ್ನೆಷ್ಟು ತಿಂಗಳು ಉಳಿದಿದೆ ಎಂಬದನ್ನು ಬೆಲೆ ಗೊತ್ತುಮಾಡುವ ಮೊದಲೇ ಹೇಳತಕ್ಕದ್ದು, ಸಂಚಕಾರ ಇಸಕೊಂಡ ಮೇಲಲ್ಲ.

ಪ್ರಿಯರೇ, ಮಾರಿದ ಕಾರು ಊರು ಬಿಟ್ಟು ಬಹುದೂರ ಹೋಗುವದಿಲ್ಲ. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ಮದುವೆಮನೆಯ ಮುಂದೆಯೂ ಅದು ನಿಮ್ಮ ಕಣ್ಣಿಗೆ ಬೀಳುವದು. ಅದರಿಂದ ಇಳಿಯುವವರನ್ನು ನೀವು ತಲೆಯೆತ್ತಿ ಮಾತಾಡಿಸುವಂತೆ ಮಾರಿರಿ.

ವಿಚಾರಿಸತಕ್ಕ ಪ್ರಶ್ನೆಗಳು

೧. ಸುಮ್ಮನಿರುವದಕ್ಕೂ ಮುಚ್ಚಿಡುವದಕ್ಕೂ ಇರುವ ಭೇದವೇನು?
೨. ಕುದುರೆಯನ್ನು ಕೊಳ್ಳುವವಳು ಮಗಳಾದಾಗ ಕರ್ತವ್ಯವು ಯಾಕೆ ಬದಲಾಗುತ್ತದೆ?
೩. ಒಬ್ಬನ ಮೋಸದಿಂದ ಬೇರೆ ಮಾರುವವರಿಗೆ ಹೇಗೆ ನಷ್ಟವಾಗುತ್ತದೆ?
೪. ನಿಮ್ಮ ಮನೆಯಲ್ಲಿ ಮಾರತಕ್ಕ ಎತ್ತು, ಎಮ್ಮೆ, ಪಂಪು, ಗಾಡಿ ಏನಾದರೂ ಇದ್ದರೆ, ಅದರ ವಿಷಯವಾಗಿ ಕೊಳ್ಳುವವನು ಕೇಳಲಾರದ, ನೀವು ಮಾತ್ರ ಬಲ್ಲ ಸಂಗತಿ ಯಾವದು?